ಮುಖ ನೋಡಿ ಪಗಾರ ಕಟ್ಟಬೇಡಿ

ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳ ಖಾಸಗಿ ಶಾಲೆ-ಕಾಲೇಜು, ಆಸ್ಪತ್ರೆ, ಮಿಲ್ಲು, ಸಹಕಾರಿ ಸಂಘಗಳ ಮಾಲೀಕರಿಗೆ ಮತ್ತು ಆಡಳಿತ ಮಂಡಳಿಯ ಹಿರಿಯರಿಗೆ,

ನಮಸ್ಕಾರ.

ನಾನು ರಾಯಚೂರಿನವಳು. 14 ವರ್ಷ ಪಗಾರ ಪಟ್ಟಿ ಬರೆದಿದ್ದೇನೆ. ಮೊದಲ ಎರಡು ವರ್ಷ ಒಂದು ಹತ್ತಿ ಜಿನ್ನಿಂಗ್ ಮಿಲ್ಲಿನ ಆಫೀಸಿನಲ್ಲಿ, ಆಮೇಲೆ ಹನ್ನೆರಡು ವರ್ಷ ಒಂದು ಶಿಕ್ಷಣ ಸಂಸ್ಥೆಯಲ್ಲಿ. ಹೆಸರು ಬೇಡ. ಬೇರೆ ಬೇರೆ ಕಡೆ ಲೆಕ್ಕ ಬರೆಯುವ ಗೆಳತಿಯರ ಜೊತೆ ಕೂತು ಮಾತಾಡಿದಾಗೆಲ್ಲ ಗೊತ್ತಾಗಿದ್ದು ಒಂದೇ, ಪಗಾರ ಕಟ್ಟುವ ರೀತಿ ಎಲ್ಲ ಕಡೆ ಹೀಗೇ ಇದೆ. ಯಾರ ಖಾತೆಗೆ ತಿಂಗಳಿಗೆ ಎಷ್ಟು ಹೋಗುತ್ತದೆ ಅನ್ನೋದು ಇಡೀ ಸಂಸ್ಥೆಯಲ್ಲಿ ಮೂರೋ ನಾಲ್ಕೋ ಜನರಿಗೆ ಗೊತ್ತಿರುತ್ತದೆ. ಅವರಲ್ಲಿ ನಾನೂ ಒಬ್ಬಳಾಗಿದ್ದೆ. ಗೊತ್ತಿದ್ದೂ ಬಾಯಿ ಬಿಡದೆ ಕೂತಿದ್ದೆ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಒಂದು ರಿಜಿಸ್ಟರಿನಿಂದ ಶುರು ಮಾಡುತ್ತೇನೆ.

ಶಿಕ್ಷಣ ಸಂಸ್ಥೆಗೆ ಸೇರಿ ಮೂರು ವರ್ಷ ಆಗಿತ್ತು. ಆಡಿಟರ್ ಹಳೇ ಪಗಾರ ಪುಸ್ತಕ ಬೇಕು ಅಂದರು. ಕಬ್ಬಿಣದ ಅಲಮಾರಿಯ ಕೆಳಗಿನ ಖಾನೆಯಿಂದ ಕೆಂಪು ಬಟ್ಟೆಯ ಬೈಂಡಿನ ರಿಜಿಸ್ಟರ್ ತೆಗೆದೆ. ಧೂಳು ಕೊಡವಿ ಪುಟ ತಿರುವುತ್ತಾ ಹೋದೆ. ನಾನು ಸೇರಿದ ತಿಂಗಳ ಪುಟ ಬಂತು. 17ನೇ ಸಾಲು, ನನ್ನ ಹೆಸರು, 5,500. ಒಂದು ಪುಟ ಹಿಂದೆ ಹೋದೆ. ಅದೇ 17ನೇ ಸಾಲು, ನನಗಿಂತ ಮೊದಲು ಆ ಕೆಲಸದಲ್ಲಿದ್ದವರ ಹೆಸರು, 9,000. ಅದೇ ಮೇಜು. ಅದೇ ಕುರ್ಚಿ. ಅದೇ ಕ್ಯಾಲ್ಕುಲೇಟರ್, 7ರ ಗುಂಡಿ ಸವೆದು ಅಂಕಿಯೇ ಅಳಿಸಿಹೋಗಿತ್ತು, ಅದನ್ನು ಸವೆಸಿದವರು ಅವರೇ. ಅವರು 60 ಜನರ ಪಟ್ಟಿ ಬರೆಯುತ್ತಿದ್ದರು. ನಾನು ಬರೆಯುತ್ತಿದ್ದದ್ದು 85 ಜನರದ್ದು.

ಯಾಕೆ ಹೀಗಾಯಿತು ಅಂತ ಯೋಚಿಸೋದಕ್ಕೆ ಜಾಸ್ತಿ ಹೊತ್ತು ಬೇಕಾಗಲಿಲ್ಲ. ಇಂಟರ್‌ವ್ಯೂ ದಿನ ಕೇಳಿದ್ದರು, ‘ಮಿಲ್ಲಿನಾಗ ಎಷ್ಟು ಕೊಡ್ತಿದ್ರಮ್ಮಾ?’ ನಾನು ಇದ್ದದ್ದು ಇದ್ದ ಹಾಗೆ 4,500 ಅಂದೆ. ‘ಸಾವಿರ ಜಾಸ್ತಿ ಮಾಡಿಕೊಡ್ತೀವಿ, ಸೋಮವಾರದಿಂದ ಬಾ’ ಅಂದರು. ಅವತ್ತು ಖುಷಿಯಲ್ಲಿ ತೀನ್ ಕಂದೀಲ್ ಹತ್ತಿರ ಬಿಸಿ ಮಿರ್ಚಿ ಕಟ್ಟಿಸಿಕೊಂಡು ಮನೆಗೆ ಹೋಗಿದ್ದೆ. ಯಾರೂ ನನಗೆ ಸುಳ್ಳು ಹೇಳಿರಲಿಲ್ಲ. ಯಾರೂ ನನ್ನ ಕೈಯಿಂದ ಏನೂ ಕಿತ್ತುಕೊಂಡಿರಲಿಲ್ಲ. ಆದರೂ ಆ ಕುರ್ಚಿಗೆ ಇದ್ದ ದರದಲ್ಲಿ 3,500 ರೂಪಾಯಿ, ನಾನು ಕೂತ ಮಾತ್ರಕ್ಕೆ ಮಾಯವಾಗಿತ್ತು.

ಇದು ಅಲ್ಲಿಗೇ ನಿಲ್ಲೋದಿಲ್ಲ, ಅದನ್ನೂ ನೋಡಿ. ವರ್ಷಕ್ಕೆ ಹತ್ತು ಪರ್ಸೆಂಟ್ ಹೆಚ್ಚಳ ಎಲ್ಲರಿಗೂ ಸಮನಾಗಿ ಕೊಟ್ಟರು ಅಂತಲೇ ಹಿಡಿಯೋಣ. ಏಳು ವರ್ಷಕ್ಕೆ 9,000 ಹೋಗಿ 17,538 ಆಗುತ್ತದೆ. 5,500 ಹೋಗಿ 10,718 ಆಗುತ್ತದೆ. ಮೊದಲ ದಿನ 3,500 ಇದ್ದ ಅಂತರ 6,820 ಆಯಿತು. ಎಲ್ಲರಿಗೂ ಒಂದೇ ಪರ್ಸೆಂಟ್ ಕೊಟ್ಟಿದ್ದೀವಿ, ಭೇದ ಮಾಡಿಲ್ಲ ಅಂತ ಆಡಳಿತ ಮಂಡಳಿ ಹೇಳಬಹುದು, ಲೆಕ್ಕದಲ್ಲಿ ಅದು ಸರಿಯೂ ಇರುತ್ತದೆ. ಪಿಎಫ್ ಆ ಅಂಕಿಯ ಮೇಲೆ, ಬೋನಸ್ ಆ ಅಂಕಿಯ ಮೇಲೆ, ಗ್ರಾಚ್ಯುಟಿ ಆ ಅಂಕಿಯ ಮೇಲೆ. ಬ್ಯಾಂಕಿನವರು ಸಾಲ ಎಷ್ಟು ಕೊಡಬೇಕು ಅಂತ ನೋಡೋದೂ ಆ ಅಂಕಿಯನ್ನೇ. ಕೆಲಸ ಬಿಟ್ಟು ಬೇರೆ ಕಡೆ ಹೋದರೆ ಅಲ್ಲೂ ಮತ್ತೆ ಅದೇ ಪ್ರಶ್ನೆ, ಮೊದಲು ಎಷ್ಟು ಬರ್ತಿತ್ತು?

ನಮ್ಮ ಕಡೆ ಇಂಟರ್‌ವ್ಯೂಗಳಲ್ಲಿ ಇನ್ನೂ ಏನೇನು ಕೇಳುತ್ತಾರೆ ಅನ್ನೋದು ನಿಮಗೇ ಗೊತ್ತು, ಕೇಳುವವರು ನೀವೇ. ‘ಗಂಡ ಏನ್ ಮಾಡ್ತಾರೆ?’ ‘ಮನೆ ಸ್ವಂತದ್ದಾ?’ ‘ಹೊಲ ಐತೇನು?’ ಗಂಡನಿಗೆ ಒಳ್ಳೇ ಕೆಲಸ ಇದ್ದರೆ, ಈಕೆ ಟೈಂಪಾಸಿಗೆ ಬರ್ತಾಳೆ, ಇಷ್ಟು ಸಾಕು. ಗಂಡ ಇಲ್ಲದಿದ್ದರೆ, ಪಾಪ ಎಲ್ಲಿ ಹೋಗ್ತಾಳೆ, ಇಷ್ಟಕ್ಕೇ ಬರ್ತಾಳೆ. ಎರಡೂ ಕಡೆಯಿಂದ ಹೆಂಗಸಿನ ಪಗಾರ ಕೆಳಗೇ ಬಂತು. ಅದೇ ಹುದ್ದೆಗೆ ಗಂಡಸು ಬಂದರೆ ‘ಸಂಸಾರ ನಡೆಸಬೇಕಲ್ಲಪ್ಪ’ ಅಂತ ಎರಡು ಸಾವಿರ ಮೇಲೆ. ಯಾರದ್ದೋ ಶಿಫಾರಸು ಇದ್ದರೆ ಇನ್ನೂ ಒಂದು. 14 ವರ್ಷ ಪಟ್ಟಿ ಬರೆದು ನಾನು ಕಂಡಿದ್ದು ಇಷ್ಟು: ಗರಜು ಜಾಸ್ತಿ ಇದ್ದವರಿಗೆ ಪಗಾರ ಕಡಿಮೆ. ಬಿಟ್ಟು ಹೋಗುವ ಶಕ್ತಿ ಇದ್ದವರಿಗೆ ಜಾಸ್ತಿ. ಕೆಲಸ ಏನು, ಅದನ್ನು ಎಷ್ಟು ಚೆನ್ನಾಗಿ ಮಾಡುತ್ತಾರೆ ಅನ್ನೋದೆಲ್ಲ ಆಮೇಲಿನ ಮಾತು.

ನಮ್ಮಪ್ಪ ಇಲ್ಲಿನ ಕೃಷಿ ಮಾರುಕಟ್ಟೆ ರಾಜೇಂದ್ರ ಗಂಜಿನಲ್ಲಿ ಹಮಾಲರಾಗಿದ್ದರು. ಚಿಕ್ಕವಳಿದ್ದಾಗ ಮಧ್ಯಾಹ್ನದ ಬುತ್ತಿ ಕೊಡೋದಕ್ಕೆ ಹೋಗುತ್ತಿದ್ದೆ. ಹತ್ತಿ ಸೀಸನ್ ಅಂದ್ರೆ ಗಂಜಿನಲ್ಲಿ ಕಾಲಿಡೋದಕ್ಕೆ ಜಾಗ ಇರುತ್ತಿರಲಿಲ್ಲ. ಅಪ್ಪ ಓದಿದವರಲ್ಲ, ಆದರೆ ಅವರ ದರ ಅವರಿಗೆ ಬಾಯಿಪಾಠ. ಗಾಡಿಯಿಂದ ಇಳಿಸೋದಕ್ಕೆ ಇಷ್ಟು, ತೂಕಕ್ಕೆ ಹಾಕೋದಕ್ಕೆ ಇಷ್ಟು, ಚೀಲ ಹೊಲಿಯೋದಕ್ಕೆ ಇಷ್ಟು, ಲಾರಿಗೆ ಏರಿಸೋದಕ್ಕೆ ಇಷ್ಟು. ಆ ದರ ಅಪ್ಪನಿಗೂ ಗೊತ್ತು, ಪಕ್ಕದ ಹಮಾಲನಿಗೂ ಗೊತ್ತು, ದಲಾಲಿ ಅಂಗಡಿಯ ಸಾವ್ಕಾರರಿಗೂ ಗೊತ್ತು, ಮಾಲು ತಂದ ರೈತನಿಗೂ ಗೊತ್ತು. ಜಗಳ ಆಗುತ್ತಿರಲಿಲ್ಲ ಅಂತಲ್ಲ. ದರ ಏರಿಸಬೇಕು ಅಂದಾಗ ಗಂಜ್ ಬಂದ್ ಆಗುತ್ತಿತ್ತು, ಎರಡು ದಿನ ಮನೆಯಲ್ಲಿ ಕೂತಿರುತ್ತಿದ್ದರು. ಆದರೆ ಆ ಜಗಳ ಒಂದೇ ಸಲ, ಎಲ್ಲರಿಗೂ ಸೇರಿ, ಬಯಲಿನಲ್ಲಿ ಆಗುತ್ತಿತ್ತು. ದರ ತೀರ್ಮಾನ ಆದ ಮೇಲೆ ನಿನ್ನ ಹೆಂಡತಿ ಏನ್ ಮಾಡ್ತಾಳೆ ಅಂತ ಕೇಳಿ ಚೀಲಕ್ಕೆ ಒಂದು ರೂಪಾಯಿ ಕಡಿಮೆ ಕೊಡುವವರು ಯಾರೂ ಇರಲಿಲ್ಲ. ಸಂಜೆ ಗುಂಪಿನವರು ಕಟ್ಟೆ ಮೇಲೆ ಕೂತು ದುಡ್ಡು ಹಂಚುತ್ತಿದ್ದರು. ಅವರ ಗುಂಪಿನಲ್ಲಿ ಒಬ್ಬ ಅಜ್ಜ ಇದ್ದ. ಬೆನ್ನು ಹೋಗಿತ್ತು, ಚೀಲ ಹೊರಲು ಆಗುತ್ತಿರಲಿಲ್ಲ, ದಬ್ಬಣ ಹಿಡಿದು ಚೀಲದ ಬಾಯಿ ಹೊಲಿಯುತ್ತಾ ಕೂತಿರುತ್ತಿದ್ದ. ಅವನಿಗೂ ಪೂರಾ ಪಾಲು ಹೋಗುತ್ತಿತ್ತು. ಅದನ್ನು ಮೊದಲೇ ಮಾತಾಡಿಕೊಂಡಿದ್ದರು.

ಗಂಜನ್ನು ಹೊಗಳೋದಕ್ಕೆ ಇದನ್ನು ಹೇಳುತ್ತಿಲ್ಲ. ಅಪ್ಪನಿಗೆ ಪಿಎಫ್ ಇರಲಿಲ್ಲ, ಇಎಸ್‌ಐ ಇರಲಿಲ್ಲ, ಐವತ್ತಕ್ಕೇ ಸೊಂಟ ಹೋಯಿತು. ಅಲ್ಲಿ ಕಸ ಹೊಡೆದು ಕಾಳು ಹಸನು ಮಾಡುವ ಹೆಣ್ಣುಮಕ್ಕಳು ಆ ಕಟ್ಟೆಯ ಲೆಕ್ಕದಲ್ಲಿ ಇರಲೇ ಇಲ್ಲ. ಆದರೂ ಕೇಳುತ್ತೇನೆ. ಅಕ್ಷರ ಬಾರದ ಹಮಾಲರು ಕೆಲಸಕ್ಕೆ ದರ ಕಟ್ಟಿ, ಎಲ್ಲರಿಗೂ ಗೊತ್ತಾಗುವ ಹಾಗೆ ಇಟ್ಟುಕೊಂಡಿದ್ದಾರೆ. ಎಂಬಿಎ ಓದಿದವರು, ಕಂಪ್ಯೂಟರ್, ಸಾಫ್ಟ್‌ವೇರ್ ಎಲ್ಲ ಇರುವ ನಮ್ಮ ಸಂಸ್ಥೆಗಳಿಗೆ ಯಾಕೆ ಆಗೋದಿಲ್ಲ?

ನಾನು ಕೇಳುತ್ತಿರೋದು ಇಷ್ಟೇ. ಹುದ್ದೆಗೆ ಪಗಾರ ಎಷ್ಟು ಅಂತ ಮೊದಲು ಬರೆಯಿರಿ. ಆಮೇಲೆ ಮನುಷ್ಯರನ್ನು ಕರೆಯಿರಿ. ಬರೆದದ್ದನ್ನು ಎಲ್ಲರಿಗೂ ಕಾಣುವ ಕಡೆ ಹಾಕಿ. ಹಿಂದೆ ಎಷ್ಟು ಬರುತ್ತಿತ್ತು ಅಂತ ಕೇಳೋದು ನಿಲ್ಲಿಸಿ.

ಇದು ನನ್ನ ತಲೆಯಿಂದ ಬಂದ ಹೊಸ ವಿಚಾರ ಅಲ್ಲ. 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ 2019ರ ವೇತನ ಸಂಹಿತೆ ಅನ್ನುವ ಕೇಂದ್ರ ಕಾನೂನಿನ 50ನೇ ಸೆಕ್ಷನ್ ತೆಗೆದು ಓದಿ. ಯಾವ ವರ್ಗದ ನೌಕರರಿಗೆ ಯಾವ ದರ, ಪಗಾರ ಯಾವ ದಿನ ಅನ್ನೋದನ್ನೆಲ್ಲ ನೋಟಿಸ್ ಬೋರ್ಡಿನಲ್ಲಿ, ಎದ್ದು ಕಾಣುವ ಜಾಗದಲ್ಲಿ ಹಾಕಬೇಕು ಅಂತ ಅದರಲ್ಲೇ ಇದೆ. ಪಗಾರದ ಚೀಟಿಯನ್ನೂ ಕೊಡಬೇಕು. ನಾವು ಮಾತ್ರ ನೇಮಕಾತಿ ಪತ್ರದಲ್ಲಿ ‘ತಮ್ಮ ವೇತನದ ವಿವರವನ್ನು ಯಾರೊಂದಿಗೂ ಹಂಚಿಕೊಳ್ಳತಕ್ಕದ್ದಲ್ಲ’ ಅಂತ ಟೈಪ್ ಮಾಡುತ್ತಲೇ ಇದ್ದೇವೆ. ಆ ಸಾಲನ್ನು ಎಷ್ಟೋ ಪತ್ರಗಳಲ್ಲಿ ಟೈಪ್ ಮಾಡಿದವಳು ನಾನೇ. ಹೊರದೇಶಗಳಲ್ಲೂ ಇದು ನಡೆದಿದೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಕೆಲಸ ಕೊಡುವ ಮೊದಲು ಹಿಂದಿನ ಸಂಬಳ ಕೇಳಬಾರದು ಅನ್ನುವ ಕಾನೂನು 2018ರಲ್ಲಿ ಜಾರಿಗೆ ಬಂತು. ಐಸ್‌ಲ್ಯಾಂಡ್‌ನಲ್ಲಿ 25 ಜನ ಇರುವ ಸಂಸ್ಥೆಯೂ ಗಂಡಸು-ಹೆಂಗಸಿಗೆ ಸಮಾನ ಸಂಬಳ ಕೊಡುತ್ತಿದ್ದೇವೆ ಅಂತ ತಾನೇ ತೋರಿಸಿಕೊಡಬೇಕು, ಅದೂ 2018ರಿಂದ. ಅಷ್ಟು ದೂರ ಹೋಗೋದೂ ಬೇಡ. 2006ರಲ್ಲಿ ಉದ್ಯೋಗ ಖಾತ್ರಿ ಶುರುವಾದಾಗ ಮೊದಲ 200 ಜಿಲ್ಲೆಗಳಲ್ಲಿ ರಾಯಚೂರೂ ಇತ್ತು. ಅದಕ್ಕೆ ಮೊದಲು ನಮ್ಮ ಹೊಲಗಳಲ್ಲಿ ಗಂಡಾಳಿಗೆ ಒಂದು ಕೂಲಿ, ಹೆಣ್ಣಾಳಿಗೆ ಅದಕ್ಕಿಂತ ಕಡಿಮೆ ಕೂಲಿ, ಅದನ್ನು ಯಾರೂ ಪ್ರಶ್ನೆ ಮಾಡುತ್ತಿರಲಿಲ್ಲ. ಖಾತ್ರಿ ಕೆಲಸದಲ್ಲಿ ಇಬ್ಬರಿಗೂ ಒಂದೇ ದರ, ಗೋಡೆ ಮೇಲೆ ಬಣ್ಣದಲ್ಲಿ ಬರೆದ ದರ. 2024-25ರಲ್ಲಿ ಅದು ದಿನಕ್ಕೆ 349 ರೂಪಾಯಿ ಇತ್ತು. ಕೆರೆ ಹೂಳೆತ್ತುವ ಹೆಣ್ಣುಮಗಳಿಗೆ ತನ್ನ ದರ ಗೊತ್ತು, ಪಕ್ಕದಲ್ಲಿ ಗುದ್ದಲಿ ಹಿಡಿದವನ ದರವೂ ಗೊತ್ತು. ಅದೇ ಊರಿನ ಖಾಸಗಿ ಶಾಲೆಯಲ್ಲಿ ಬಿ.ಎಡ್. ಮಾಡಿದ ಟೀಚರಿಗೆ ಪಕ್ಕದ ಕ್ಲಾಸಿನ ಟೀಚರ್ ಪಗಾರ ಗೊತ್ತಿಲ್ಲ.

ದರ ಬರೆಯಿರಿ ಅಂದರೆ ಹೇಗೆ ಬರೆಯೋದು ಅನ್ನೋದೇ ಕಷ್ಟದ ಮಾತು. ಅದನ್ನೂ ಸ್ವಲ್ಪ ಹೇಳುತ್ತೇನೆ, ಯಾಕೆಂದರೆ ಇಲ್ಲಿ ನಾನೇ ವರ್ಷಗಟ್ಟಲೆ ತಪ್ಪು ಮಾಡಿದ್ದೇನೆ.

ನಮ್ಮ ಸಂಸ್ಥೆಯ ಪಟ್ಟಿಯಲ್ಲಿ ಅಟೆಂಡರ್ ಅಂತ ಒಂದು ಸಾಲು, ಆಯಾ ಅಂತ ಒಂದು ಸಾಲು. ಅಟೆಂಡರ್ ಗಂಡಸು, 9,500. ಆಯಾ ಹೆಂಗಸು, 6,000. ಯಾಕೆ ಅಂತ ನಾನು ಒಂದು ದಿನವೂ ಕೇಳಿಕೊಂಡಿರಲಿಲ್ಲ, ಹಾಗೇ ಇತ್ತು, ಹಾಗೇ ಬರೆಯುತ್ತಿದ್ದೆ. ಒಂದು ಏಪ್ರಿಲ್‌ನಲ್ಲಿ ನರ್ಸರಿ ಮಕ್ಕಳನ್ನು ವ್ಯಾನಿಗೆ ಹತ್ತಿಸುವಾಗ ನಾನು ಅಲ್ಲೇ ನಿಂತಿದ್ದೆ. ರಾಯಚೂರಿನ ಏಪ್ರಿಲ್ ಬಿಸಿಲು ಹೇಗಿರುತ್ತದೆ ಅಂತ ಹೇಳಬೇಕಾಗಿಲ್ಲ. ಒಂದು ಮಗು ವಾಂತಿ ಮಾಡಿಕೊಂಡಿತು. ಆಯಾ ಅದನ್ನು ಎತ್ತಿಕೊಂಡು ತನ್ನ ಸೆರಗಿನಿಂದಲೇ ಬಾಯಿ ಒರೆಸಿ, ನಲ್ಲಿ ಹತ್ತಿರ ಕರೆದುಕೊಂಡು ಹೋಗಿ ಮುಖ ತೊಳೆದು, ಹಣೆ ಮುಟ್ಟಿ ನೋಡಿ, ‘ಅಕ್ಕಾವ್ರೇ, ಇದಕ್ಕ ಜ್ವರ ಐತ್ರಿ, ಇವರ ತಾಯಿಗೆ ಫೋನ್ ಹಚ್ಚ್ರಿ’ ಅಂದಳು. ಅಷ್ಟರಲ್ಲಿ ಇನ್ನೊಂದು ಮಗು ಗೇಟಿನ ಕಡೆ ಓಡಿತು. ಜ್ವರದ ಮಗುವನ್ನು ಸೊಂಟದ ಮೇಲೆ ಇಟ್ಟುಕೊಂಡೇ ಓಡಿಹೋಗಿ ಅದರ ಕೈ ಹಿಡಿದಳು. ಅಲ್ಲಿದ್ದ ಹತ್ತು ನಿಮಿಷದಲ್ಲಿ ಆಕೆಯ ಕಣ್ಣು ಒಂದು ಕ್ಷಣವೂ ಆ 22 ಮಕ್ಕಳ ಮೇಲಿಂದ ಸರಿಯಲಿಲ್ಲ. ಮಗು ರಸ್ತೆಗೆ ಓಡಿದ್ದರೆ ಏನಾಗುತ್ತಿತ್ತು? ಅಟೆಂಡರ್ ಫೈಲ್ ಒಂದು ರೂಮಿನಿಂದ ಇನ್ನೊಂದು ರೂಮಿಗೆ ತಡವಾಗಿ ಒಯ್ದರೆ ಏನಾಗುತ್ತದೆ? ಅಟೆಂಡರ್ ಕೆಲಸ ಕಡಿಮೆ ಅಂತ ನಾನು ಹೇಳುತ್ತಿಲ್ಲ, ಅವರ 9,500 ಕೂಡ ಕಡಿಮೆಯೇ. ಆದರೆ ಆಯಾಗೆ ಅವರಿಗಿಂತ 3,500 ಕಡಿಮೆ ಯಾಕೆ ಅನ್ನೋದಕ್ಕೆ ಹೆಂಗಸು ಅನ್ನೋದು ಬಿಟ್ಟರೆ ಬೇರೆ ಉತ್ತರ ಯಾರ ಹತ್ತಿರವೂ ಇರಲಿಲ್ಲ. ಮಕ್ಕಳನ್ನು ನೋಡಿಕೊಳ್ಳೋದು ಹೆಂಗಸರಿಗೆ ಹುಟ್ಟಿನಿಂದ ಬಂದದ್ದು, ಅದಕ್ಕೇನು ದುಡ್ಡು ಅನ್ನುವ ಲೆಕ್ಕ ಅದು. 1976ರಿಂದ ಸಮಾನ ವೇತನದ ಕಾಯ್ದೆ ಇತ್ತು, ಈಗ ಅದೇ ಮಾತು ವೇತನ ಸಂಹಿತೆಯಲ್ಲಿದೆ. ಒಂದೇ ಕೆಲಸ ಅಂತ ಮಾತ್ರ ಅಲ್ಲ, ಅದೇ ಸ್ವರೂಪದ ಕೆಲಸ ಅಂತಲೂ ಅದು ಹೇಳುತ್ತದೆ.

ಆದ್ದರಿಂದ ಒಂದು ದಿನ ಎಲ್ಲ ಹುದ್ದೆಗಳನ್ನೂ ಒಂದು ಹಾಳೆಯಲ್ಲಿ ಬರೆದುಕೊಂಡು ಕೂತುಕೊಳ್ಳಿ. ಪ್ರತಿ ಕೆಲಸಕ್ಕೂ ಕೇಳಿಕೊಳ್ಳಿ, ಇದನ್ನು ಕಲಿಯಲು ಎಷ್ಟು ವರ್ಷ ಬೇಕು, ತಪ್ಪಾದರೆ ಯಾರಿಗೆ ಎಷ್ಟು ನಷ್ಟ, ಮೈ ಎಷ್ಟು ದಣಿಯುತ್ತದೆ, ರಾತ್ರಿ ಪಾಳಿ ಇದೆಯಾ, ರಜೆ ಹಾಕಿದರೆ ಸಂಸ್ಥೆ ನಡೆಯುತ್ತದಾ. ಆಸ್ಪತ್ರೆಯಾದರೆ ಸೋಂಕಿನ ಭಯ, ಮಿಲ್ಲಾದರೆ ಧೂಳು. ಮುಖ್ಯವಾಗಿ ಆ ಕೆಲಸ ಮಾಡುವವರನ್ನು ಕರೆದು ಕೇಳಿ. ಆಯಾ ಏನು ಮಾಡುತ್ತಾಳೆ ಅಂತ ಆಯಾಗೆ ಗೊತ್ತಿರುವಷ್ಟು ಪ್ರಿನ್ಸಿಪಾಲರಿಗೆ ಗೊತ್ತಿರೋದಿಲ್ಲ.

ಬಳ್ಳಾರಿಯ ಜೀನ್ಸ್ ಕೆಲಸವನ್ನೂ ಇಲ್ಲಿ ಹೇಳಬೇಕು. ಕೌಲ್ ಬಜಾರ್ ಕಡೆ ನನ್ನ ಚಿಕ್ಕಮ್ಮನ ಮನೆ ಇದೆ. ಅಲ್ಲಿ ಎಷ್ಟೋ ಮನೆಗಳ ಹೊಸ್ತಿಲಲ್ಲಿ ಹೆಣ್ಣುಮಕ್ಕಳು ಕೂತು ಪ್ಯಾಂಟಿನ ದಾರ ಕತ್ತರಿಸುತ್ತಿರುತ್ತಾರೆ. ಪೀಸಿಗೆ ಇಷ್ಟು ಅಂತ. ದರ ಎಲ್ಲರಿಗೂ ಗೊತ್ತು, ಹೌದು. ಆದರೆ ಅದನ್ನು ಕಟ್ಟಿದವರು ಒಂದು ಪ್ಯಾಂಟಿಗೆ ಎಷ್ಟು ನಿಮಿಷ ಹಿಡಿಯುತ್ತದೆ ಅಂತ ಗಡಿಯಾರ ಇಟ್ಟುಕೊಂಡು ನೋಡಿದ್ದಾರಾ? ಚಿಕ್ಕಮ್ಮ ಒಂದು ದಿನ ನನ್ನೆದುರು ಹಾಗೆ ಗಡಿಯಾರ ಇಟ್ಟು ನೋಡಿದಳು. ಇಡೀ ದಿನ ಬೆನ್ನು ಬಗ್ಗಿಸಿ ಕೂತರೂ ಅವತ್ತಿನ ಕನಿಷ್ಠ ಕೂಲಿಯ ಅರ್ಧವೂ ಆಗಲಿಲ್ಲ. ದರ ಬಯಲಲ್ಲಿ ಇದ್ದರೆ ಸಾಲದು, ಬದುಕೋದಕ್ಕೂ ಸಾಕಾಗಬೇಕು.

ಸಾಕಾಗೋದು ಅಂದರೆ ಎಷ್ಟು? ಇದನ್ನೂ ಹಿರಿಯರು ಕೂತು ಲೆಕ್ಕ ಹಾಕಿ ಇಟ್ಟಿದ್ದಾರೆ. ಸ್ವಾತಂತ್ರ್ಯ ಬಂದ ಮರುವರ್ಷವೇ, 1948ರಲ್ಲಿ, ಸರ್ಕಾರ ನ್ಯಾಯಯುತ ವೇತನ ಸಮಿತಿ ಮಾಡಿತು. ಕನಿಷ್ಠ ವೇತನ ಒಂದು, ಮಕ್ಕಳ ಓದು, ಕಾಯಿಲೆ, ಮುಪ್ಪು ಎಲ್ಲವನ್ನೂ ನೋಡಿಕೊಳ್ಳುವಷ್ಟು ಜೀವನ ವೇತನ ಇನ್ನೊಂದು, ಇವೆರಡರ ನಡುವೆ ನ್ಯಾಯಯುತ ವೇತನ ಅಂತ ಅದು ಹೇಳಿತು. ಆಮೇಲೆ 1957ರ ಭಾರತೀಯ ಕಾರ್ಮಿಕ ಸಮ್ಮೇಳನ ಕನಿಷ್ಠಕ್ಕೆ ಅಳತೆ ಕೊಟ್ಟಿತು. ದುಡಿಯುವ ಒಬ್ಬರಿಗೆ ಮೂರು ಜನರ ಊಟದ ಲೆಕ್ಕ, ತಲೆಗೆ 2,700 ಕ್ಯಾಲರಿ, ಮನೆಗೆ ವರ್ಷಕ್ಕೆ 72 ಗಜ ಬಟ್ಟೆ, ಬಾಡಿಗೆ, ಮೇಲೆ ಸೌದೆ-ದೀಪ ಇತ್ಯಾದಿಗೆ ಶೇ 20. 1991ರಲ್ಲಿ ಸುಪ್ರೀಂ ಕೋರ್ಟು ಮಕ್ಕಳ ಓದು, ಔಷಧಿ, ಹಬ್ಬ, ಮದುವೆ, ಮುಪ್ಪು ಇವಕ್ಕೆಲ್ಲ ಒಟ್ಟು ಕನಿಷ್ಠ ವೇತನದಲ್ಲಿ ಇನ್ನೂ ಶೇ 25 ಇರಬೇಕು ಅಂತು. ನಿಮ್ಮ ಸಂಸ್ಥೆಯಲ್ಲಿ ಎಲ್ಲರಿಗಿಂತ ಕೆಳಗಿನ ಪಗಾರ ಎಷ್ಟಿದೆಯೋ ಅದನ್ನು ಈ ಲೆಕ್ಕಕ್ಕೆ ಹಚ್ಚಿ ನೋಡಿ. ಜೋಳ, ಅಕ್ಕಿ, ತೊಗರಿಬೇಳೆ, ಎಣ್ಣೆ, ಗ್ಯಾಸ್, ಎರಡು ರೂಮಿನ ಬಾಡಿಗೆ, ಬೇಸಿಗೆಯ ಮೂರು ತಿಂಗಳ ಕೂಲರಿನ ಕರೆಂಟ್ ಬಿಲ್ಲು ಅಂತ ನಾನು ನೋಡಿದ್ದೇನೆ. ಆಯಾಳ 6,000 ಬಾಡಿಗೆ ಕಟ್ಟಿ, ರೇಷನ್ ಅಂಗಡಿಯ ಅಕ್ಕಿ ಬಿಟ್ಟು ಉಳಿದ ಕಿರಾಣಿ ತರುವಷ್ಟರಲ್ಲಿ ಮುಗಿಯಿತು. ತಾರೀಕು ಇನ್ನೂ ಹನ್ನೆರಡು.

ಈಗ ನೀವು ಹೇಳುವ ಮಾತುಗಳು ನನಗೆ ಗೊತ್ತು. ಮೀಟಿಂಗಿನಲ್ಲಿ ಮೂಲೆಯಲ್ಲಿ ಕೂತು ಟಿಪ್ಪಣಿ ಬರೆದುಕೊಂಡವಳು ನಾನೇ.

ಮೊದಲನೇದು, ದುಡ್ಡಿಲ್ಲ. ಇದು ಸುಳ್ಳು ಅಂತ ನಾನು ಅನ್ನೋದಿಲ್ಲ. ನಮ್ಮ ಕಡೆ ಫೀಸು ಬರೋದು ಭತ್ತ, ಹತ್ತಿ, ಮೆಣಸಿನಕಾಯಿ ಮಾರಾಟ ಆದ ಮೇಲೆ. ಕಾಲುವೆಗೆ ನೀರು ಬಂದರೆ ಸಿಂಧನೂರು, ಗಂಗಾವತಿ ಕಡೆಯ ಪೋಷಕರ ಕೈಯಲ್ಲಿ ದುಡ್ಡು ಆಡುತ್ತದೆ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋದ ಮರುದಿನ ನಮ್ಮ ಕಾರ್ಯದರ್ಶಿಗಳು ನನ್ನ ಮೇಜಿನ ಮುಂದೆ ಬಂದು ಈ ವರ್ಷ ಫೀಸು ಎಷ್ಟು ಬಾಕಿ ಬೀಳಬಹುದು ನೋಡಮ್ಮ ಅಂದಿದ್ದರು. ಅವರ ಮುಖದಲ್ಲಿದ್ದ ಭಯ ನಿಜವಾದದ್ದು. ಆದರೆ ದುಡ್ಡು ಕಡಿಮೆ ಆದಾಗ ಕಡಿತ ಯಾರಿಗೆ ಬಿತ್ತು? ಆಯಾ, ವಾಚ್‌ಮನ್, ಹೊಸದಾಗಿ ಸೇರಿದ ಟೀಚರುಗಳಿಗೆ ಎರಡು ತಿಂಗಳು ಅರ್ಧ ಪಗಾರ. ಮೇಲಿನವರ ಕಾರಿನ ಡೀಸೆಲ್ ನಿಲ್ಲಲಿಲ್ಲ, ಆ ಬಿಲ್ಲನ್ನೂ ನಾನೇ ಪಾಸ್ ಮಾಡಿದ್ದು. ದುಡ್ಡಿಲ್ಲ ಅಂದರೆ ಲೆಕ್ಕ ತೋರಿಸಿ. ಬಂದದ್ದು ಇಷ್ಟು, ಹೋಗಿದ್ದು ಇಷ್ಟು ಅಂತ ಸ್ಟಾಫ್ ಮೀಟಿಂಗಿನಲ್ಲಿ ಹೇಳಿ. ಮೇಲಿನವರು ಜಾಸ್ತಿ ಬಿಟ್ಟುಕೊಟ್ಟು, ಕೆಳಗಿನವರದ್ದು ಮುಟ್ಟದೆ ಇಟ್ಟರೆ ಜನ ಒಪ್ಪುತ್ತಾರೆ. ಬರಗಾಲ ನೋಡಿದ ಜಿಲ್ಲೆ ನಮ್ಮದು, ಹಂಚಿಕೊಂಡು ತಿನ್ನೋದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಕನಿಷ್ಠ ವೇತನಕ್ಕೆ ಮಾತ್ರ ಈ ಮಾತು ತರಬೇಡಿ. ಕನಿಷ್ಠ ಕೂಡ ಕೊಡಲಾಗದ ಉದ್ಯಮಕ್ಕೆ ನಡೆಯುವ ಹಕ್ಕೇ ಇಲ್ಲ ಅಂತ ಸುಪ್ರೀಂ ಕೋರ್ಟು ಹೇಳಿದ್ದು 1950ರ ದಶಕದಲ್ಲೇ.

ಎರಡನೇದು, ಒಳ್ಳೆಯವರು ಸಿಗೋದಿಲ್ಲ. ನೀಟ್ ಕೋಚಿಂಗ್‌ಗೆ ಆಂಧ್ರದ ಕಡೆಯಿಂದ ಫಿಸಿಕ್ಸ್ ಲೆಕ್ಚರರ್ ಕರೆಸಬೇಕು, ಅವರು ಕೇಳಿದಷ್ಟು ಕೊಡಲೇಬೇಕು ಅನ್ನುತ್ತೀರಿ. ಕೊಡಿ. ಸಿಗದ ವಿಷಯಕ್ಕೆ ವಿಶೇಷ ಭತ್ಯೆ ಅಂತ ಪಟ್ಟಿಯಲ್ಲಿ ಬೇರೆ ಸಾಲು ಹಾಕಿ, ಎಷ್ಟು ಅಂತ ಬರೆಯಿರಿ, ಎರಡು ವರ್ಷಕ್ಕೊಮ್ಮೆ ಇನ್ನೂ ಬೇಕಾ ಅಂತ ನೋಡಿ. ಅದೇ ವಿಷಯಕ್ಕೆ ನಮ್ಮ ಲಿಂಗಸುಗೂರಿನ ಹುಡುಗಿ ಬಂದರೆ ಅವಳಿಗೂ ಅದೇ ಭತ್ಯೆ ಸಿಗಲಿ.

ಮೂರನೇದು ಎಲ್ಲಕ್ಕಿಂತ ಜಾಸ್ತಿ ಕೇಳಿದ್ದು: ಹೇಳಿದರೆ ಜಗಳ ಆಗುತ್ತದೆ. ನಮ್ಮಲ್ಲಿ ಒಮ್ಮೆ ಆಯಿತು. ಪ್ರಿಂಟರಿನಲ್ಲಿ ಪಗಾರ ಪಟ್ಟಿಯ ಒಂದು ಹಾಳೆ ಉಳಿದುಬಿಟ್ಟಿತ್ತು, ಯಾರೋ ನೋಡಿದರು, ಮಧ್ಯಾಹ್ನದ ಬುತ್ತಿ ಹೊತ್ತಿಗೆ ಇಡೀ ಸ್ಟಾಫ್ ರೂಮಿಗೆ ಗೊತ್ತಾಯಿತು. ನನ್ನ ಕೈಕಾಲು ತಣ್ಣಗಾಗಿದ್ದವು. ಆದರೆ ಜಾಸ್ತಿ ಬರುತ್ತಿದ್ದವರ ಮೇಲೆ ಯಾರೂ ಹರಿಹಾಯಲಿಲ್ಲ. ಏಳು ಟೀಚರುಗಳು ನನ್ನ ಮೇಜಿನ ಹತ್ತಿರ ಬಂದು ಕೇಳಿದ್ದು ಒಂದೇ ಪ್ರಶ್ನೆ, ‘ಇದಕ್ಕೆ ರೂಲ್ಸ್ ಏನು ಮೇಡಂ?’ ಎಷ್ಟು ವರ್ಷಕ್ಕೆ ಎಷ್ಟು, ಯಾವ ಡಿಗ್ರಿಗೆ ಎಷ್ಟು, ಹೇಳಿ, ನಾವೂ ಅಷ್ಟು ಓದುತ್ತೇವೆ ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ರೂಲ್ಸ್ ಇದ್ದರೆ ತಾನೇ ಹೇಳೋದು. ಸರ್ಕಾರಿ ನೌಕರರನ್ನು ನೋಡಿ. 2024ರ ಆಗಸ್ಟ್ 1ರಿಂದ ರಾಜ್ಯದ 7ನೇ ವೇತನ ಆಯೋಗದ ಹೆಚ್ಚಳ ಬಂತು, ಮೂಲ ವೇತನ ಕೆಳಗೆ 27,000, ಮೇಲೆ 2,41,200 ಅಂತ ಪೇಪರಿನಲ್ಲೇ ಬಂತು, ಚಹಾ ಅಂಗಡಿಯವನಿಗೂ ಗೊತ್ತಾಯಿತು. ತಹಶೀಲ್ದಾರರಿಗೂ ಅಟೆಂಡರಿಗೂ ಪಗಾರದ ವಿಷಯಕ್ಕೆ ಹೊಡೆದಾಟ ಆಗಿದ್ದನ್ನು ಯಾರಾದರೂ ನೋಡಿದ್ದೀರಾ?

ಸರ್ಕಾರದ ಮಾತು ಬಂದಾಗ ಒಂದು ಸಂಕಟವನ್ನೂ ಹೇಳಿಬಿಡುತ್ತೇನೆ. ಕಾಯಂ ಇದ್ದವರಿಗೆ ಇಷ್ಟು ಚೊಕ್ಕ ಏಣಿ ಮಾಡಿಟ್ಟ ಅದೇ ಸರ್ಕಾರ, ಅಂಗನವಾಡಿ ಅಕ್ಕಂದಿರಿಗೆ, ಆಶಾ ಅಕ್ಕಂದಿರಿಗೆ ಕೊಡೋದನ್ನು ಪಗಾರ ಅಂತ ಕರೆಯೋದೂ ಇಲ್ಲ, ಗೌರವಧನ ಅನ್ನುತ್ತದೆ. ಪಗಾರ ಅಂದರೆ ಕಾನೂನು ಬರುತ್ತದೆ, ಗೌರವಕ್ಕೆ ಕಾನೂನು ಇಲ್ಲ. ಸಮಾನ ಕೆಲಸಕ್ಕೆ ಸಮಾನ ವೇತನ ಅನ್ನೋದು ತಾತ್ಕಾಲಿಕ ನೌಕರರಿಗೂ ಸಿಗಬೇಕು ಅಂತ 2016ರಲ್ಲಿ ಸುಪ್ರೀಂ ಕೋರ್ಟು ಪಂಜಾಬಿನ ಪ್ರಕರಣದಲ್ಲಿ ಹೇಳಿ ಇಷ್ಟು ವರ್ಷ ಆಯಿತು, ಆದರೂ ಆಫೀಸುಗಳಲ್ಲಿ ಪಕ್ಕಪಕ್ಕದ ಕುರ್ಚಿಯಲ್ಲಿ ಕಾಯಂ ಒಬ್ಬರು, ಹೊರಗುತ್ತಿಗೆ ಒಬ್ಬರು, ಒಂದೇ ಕಂಪ್ಯೂಟರ್ ಕೆಲಸ. ನಮ್ಮ ಜಿಲ್ಲೆಗಳ ದೊಡ್ಡ ಕಾರ್ಖಾನೆಗಳ ಗೇಟಿನಲ್ಲೂ ಅಷ್ಟೇ, ಕಂಪನಿ ಪಾಸು ಬೇರೆ, ಕಂಟ್ರಾಕ್ಟ್ ಪಾಸು ಬೇರೆ. ಇದಕ್ಕೆ ಬೇರೆಯದೇ ಪತ್ರ ಬೇಕು.

ಇನ್ನೊಂದು ಮಾತು ಬರೆಯೋದಕ್ಕೆ ನಾಚಿಕೆ ಆಗುತ್ತದೆ. ನೌಕರರ ಬ್ಯಾಂಕ್ ಖಾತೆಗೆ 18,000 ಪಗಾರ ಹಾಕಿ, ಮರುದಿನ ಅವರಿಂದಲೇ 8,000 ಎಟಿಎಂನಿಂದ ತೆಗೆಸಿ ಕವರಿನಲ್ಲಿ ವಾಪಸ್ ತರಿಸಿಕೊಳ್ಳೋದು. ಆ ಕವರುಗಳನ್ನು ಎಣಿಸಿದ ಗೆಳತಿ ಒಬ್ಬಳು ನನಗೆ ಹೇಳಿದಾಗ ಅತ್ತಳು. ಇದನ್ನು ಮಾಡುತ್ತಿರುವವರು ಯಾರು ಅಂತ ನಿಮಗೇ ಗೊತ್ತು. ದಯವಿಟ್ಟು ಈ ತಿಂಗಳೇ ನಿಲ್ಲಿಸಿ.

ಹೆಚ್ಚಳ ಕೇಳಿದವರಿಗೆ ‘ಕಾಯಕವೇ ಕೈಲಾಸ’ ಅಂತ ಹೇಳಿ ಕಳಿಸುವ ರೂಢಿಯೂ ನಮ್ಮಲ್ಲಿದೆ. ಆ ಮಾತಿನಂತೆ ಬಾಳಿದ ಶರಣ ದಂಪತಿ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ನಮ್ಮ ಲಿಂಗಸುಗೂರು ತಾಲೂಕಿನ ಅಮರೇಶ್ವರದವರು. ಬಿದ್ದ ಅಕ್ಕಿ ಆಯ್ದು ಬದುಕಿದವರು. ಒಂದು ದಿನ ಗಂಡ ಬೇಕಾದ್ದಕ್ಕಿಂತ ಜಾಸ್ತಿ ತಂದಾಗ ಲಕ್ಕಮ್ಮ ವಾಪಸ್ ಸುರಿದು ಬಾ ಅಂದಳು. ಅದು ಜಾಸ್ತಿ ತಂದವರಿಗೆ ಹೇಳಿದ ಮಾತು. 6,000 ಪಗಾರದವಳಿಗೆ ಅದನ್ನು ಹೇಳಬಾರದು.

ನಾನು ಆ ಕೆಲಸ ಬಿಟ್ಟು ಈಗ ಸಣ್ಣ ಸಣ್ಣ ಕಡೆ ಲೆಕ್ಕ ಬರೆಯುತ್ತೇನೆ. ಅದರಲ್ಲಿ ಒಂದು ರಕ್ತ ಪರೀಕ್ಷೆ ಲ್ಯಾಬ್, ಒಂಬತ್ತು ಜನ. ಮಾಲೀಕರಿಗೆ ಈ ಮಾತೆಲ್ಲ ಹೇಳಿದೆ, ಅವರು ಕೇಳಿಸಿಕೊಂಡರು. ಒಂದು ಭಾನುವಾರ ಒಂಬತ್ತೂ ಜನ ಕೂತೆವು. ಸ್ಯಾಂಪಲ್ ತೆಗೆಯುವವರು, ಟೆಕ್ನಿಷಿಯನ್, ರಿಸೆಪ್ಷನ್, ಸ್ವಚ್ಛತೆಯ ಅಕ್ಕ. ಸ್ವಚ್ಛತೆಯ ಅಕ್ಕನ ಕೆಲಸದಲ್ಲಿ ಸೂಜಿ ಚುಚ್ಚುವ ಅಪಾಯ ಎಲ್ಲರಿಗಿಂತ ಜಾಸ್ತಿ ಅಂತ ಮೊದಲು ಹೇಳಿದವನು ಟೆಕ್ನಿಷಿಯನ್ ಹುಡುಗ. ಸಂಜೆ ಹೊತ್ತಿಗೆ ಒಂದು ಹಾಳೆ ತಯಾರಾಯಿತು, ಸ್ಟೋರ್ ರೂಮಿನ ಬಾಗಿಲ ಒಳಗೆ ಅಂಟಿಸಿದೆವು. ಹುದ್ದೆ, ಶುರುವಿನ ಪಗಾರ, ವರ್ಷಕ್ಕೆ ಎಷ್ಟು. ಹೆಚ್ಚಳವನ್ನು ಬರೀ ಪರ್ಸೆಂಟಿನಲ್ಲಿ ಇಡಲಿಲ್ಲ, ಎಲ್ಲರಿಗೂ ಒಂದೇ ಮೊತ್ತ, ಅದರ ಮೇಲೆ ಸ್ವಲ್ಪ ಪರ್ಸೆಂಟ್. ಇಬ್ಬರ ಪಗಾರ ಮೇಲೆ ಬಂತು. ಒಬ್ಬರದ್ದು ಒಂದು ವರ್ಷ ಅಲ್ಲೇ ನಿಂತಿತು, ಆಕೆ ಒಂದು ವಾರ ಸಿಟ್ಟಾಗಿದ್ದಳು, ಆಮೇಲೆ ಲೆಕ್ಕ ನೋಡಿ ಒಪ್ಪಿದಳು. ಇನ್ನೊಬ್ಬ ಹುಡುಗ ಬೇರೆ ಕಡೆ ಜಾಸ್ತಿ ಸಿಗುತ್ತದೆ ಅಂತ ಬಿಟ್ಟು ಹೋದ. ಮಾಲೀಕರಿಗೆ ತಿಂಗಳಿಗೆ 7,400 ಖರ್ಚು ಜಾಸ್ತಿ ಆಯಿತು, ಅದನ್ನೂ ಹೇಳಬೇಕು. ಅವರು ಕೊಡುತ್ತಿದ್ದಾರೆ.

ಇನ್ನು ಸ್ವಲ್ಪ ದಿನದಲ್ಲಿ ಹೊಸ ವರ್ಷದ ನೇಮಕಾತಿಗೆ ಜಾಹೀರಾತು ಕೊಡುತ್ತೀರಿ. ವಾಟ್ಸಾಪ್ ಗುಂಪಿಗೆ, ಪೇಪರಿನ ಮೂಲೆಗೆ, ಆಟೋ ಹಿಂದಿನ ಬೋರ್ಡಿಗೆ. ಎಲ್ಲದರ ಕೊನೆಗೆ ‘ಅರ್ಹತೆಗೆ ತಕ್ಕ ಆಕರ್ಷಕ ವೇತನ’ ಅಂತ ಒಂದು ಸಾಲು ಇರುತ್ತದೆ. ಈ ಸಲ ಆ ಸಾಲು ತೆಗೆದು ಅಲ್ಲಿ ಅಂಕಿ ಬರೆಯಿರಿ. ಕೆಳಗೆ ಫೋನ್ ನಂಬರ್ ಹಾಕುವ ಮೊದಲು.

ಇತಿ,
ಪಗಾರ ಪಟ್ಟಿ ಬರೆಯುತ್ತಿದ್ದವಳು
ರಾಯಚೂರು